ಅಂಟುವಾಳದ ನೊರೆ: ಮನೆಯಲ್ಲೇ ತೆಗೆಯುವುದು ಹೇಗೆ?

ಅಂಟುವಾಳದ ಒಣ ಸಿಪ್ಪೆಯೊಂದನ್ನು ನೀರಲ್ಲಿ ಅದ್ದಿ, ಎರಡು ಬೆರಳ ನಡುವೆ ತಿಕ್ಕಿ ನೋಡಿ. ಮೊದಲು ಅಂಟಂಟು, ಆಮೇಲೆ ಜಾರು, ಕೊನೆಗೆ ಬೆಳ್ಳಗೆ ನೊರೆ. ಇದು ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ನೊರೆ ಬರಿಸುವ ವಸ್ತು ಮಾಡುವ ಕೆಲಸ. ಲ್ಯಾಟಿನ್ ಭಾಷೆಯಲ್ಲಿ ಸಾಬೂನಿಗೆ 'ಸಾಪೊ' ಅನ್ನುತ್ತಾರೆ. ಹೆಸರು ಬಂದಿದ್ದು ಅಲ್ಲಿಂದಲೇ.

ಸಪೋನಿನ್ ಅಣುವಿನ ಒಂದು ತುದಿಯಲ್ಲಿ ಸಕ್ಕರೆ ಇರುತ್ತದೆ, ಅದು ನೀರಿಗೆ ಒಗ್ಗುತ್ತದೆ. ಇನ್ನೊಂದು ತುದಿ ಜಿಡ್ಡಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನೀರು ಹೋಗುವಾಗ ಜಿಡ್ಡೂ ಜೊತೆಗೆ ಹೋಗುತ್ತದೆ. ಸಾಬೂನಿನ ಕೆಲಸವೂ ಇದೇ ಅಲ್ವಾ? ಹೌದು, ಆದರೆ ಸಾಬೂನು ಆಗುವುದು ಎಣ್ಣೆ ಮತ್ತು ಕ್ಷಾರ ಸೇರಿ. ಅಂಟುವಾಳದ ರಸದಲ್ಲಿ ಕ್ಷಾರವಿಲ್ಲ, ಅದು ಸ್ವಲ್ಪ ಆಮ್ಲ ಗುಣದ್ದು. ಗಡಸು ನೀರಲ್ಲಿ ಸಾಬೂನು ಬಿಡುವಂಥ ಬಿಳಿ ಗಸಿಯನ್ನೂ ಇದು ಅಷ್ಟಾಗಿ ಬಿಡುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಕಾಯಿ ಒಡೆದು ಬೀಜ ತೆಗೆದುಬಿಡಿ, ನಮಗೆ ಬೇಕಿರುವುದು ಸಿಪ್ಪೆ ಮಾತ್ರ. 50 ಗ್ರಾಂ ಸಿಪ್ಪೆಯನ್ನು 1 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಸಿಪ್ಪೆ ಉಬ್ಬಿ ಮೆತ್ತಗಾಗಿ, ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಅದೇ ನೀರನ್ನು ಸಿಪ್ಪೆ ಸಮೇತ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಕಾಯಿಸಿ. ಪಾತ್ರೆ ಅರ್ಧ ಖಾಲಿ ಇರಲಿ. ಕುದಿ ಬಂತೆಂದರೆ ನೊರೆ ಹಾಲಿನಂತೆ ಉಕ್ಕುತ್ತದೆ, ಪಕ್ಕದಲ್ಲೇ ನಿಂತಿರಿ. ಸೀಗೆಕಾಯಿಯನ್ನೂ ಸೇರಿಸುವುದಾದರೆ ಕಬ್ಬಿಣದ ಬಾಣಲೆ ಬೇಡ. ಸೀಗೆಕಾಯಿಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿ ರಸ ಕಪ್ಪಾಗುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಈ ಕಿವುಚುವುದನ್ನು ಅವಸರದಲ್ಲಿ ಬಿಡಬೇಡಿ. ತಿರುಳಲ್ಲಿ ಉಳಿದ ಸಾರ ಈಗಲೇ ಇಳಿಯಬೇಕು.

ಸಪೋನಿನ್ ನಿಜಕ್ಕೂ ಇಳಿದಿದೆಯಾ ಅಂತ ನೋಡಲು ಎರಡು ಬಾಟಲಿ ಸಾಕು. ಒಂದಕ್ಕೆ 10 ಚಮಚ ನೀರು ಮತ್ತು 1 ಚಮಚ ರಸ, ಇನ್ನೊಂದಕ್ಕೆ ಸುಮ್ನೆ ನೀರು. ಎರಡನ್ನೂ ಅರ್ಧ ನಿಮಿಷ ಜೋರಾಗಿ ಅಲುಗಾಡಿಸಿ ಇಟ್ಟುಬಿಡಿ. ಬರೀ ನೀರಿನ ಗುಳ್ಳೆ ತಕ್ಷಣ ಒಡೆಯುತ್ತದೆ. ರಸದ ನೊರೆ 10 ನಿಮಿಷವಾದರೂ ಬೆರಳಗಲ ನಿಂತಿದ್ದರೆ ಸಾರ ಚೆನ್ನಾಗಿ ಇಳಿದಿದೆ ಎಂದರ್ಥ. ಇದೇ ಪರೀಕ್ಷೆಯನ್ನು ಬೇರೆ ಗಿಡದ ರಸಕ್ಕೂ ಮಾಡಬಹುದು. ಆದರೆ ಪ್ರೋಟೀನ್ ಇದ್ದರೂ ನೊರೆ ಬರುತ್ತದೆ, ಆದ್ದರಿಂದ ಇದು ಸುಳಿವು ಮಾತ್ರ. ದಾಸವಾಳದ ಎಲೆಯ ಲೋಳೆ ನೋಡಿ ಮೋಸ ಹೋಗುವವರೂ ಜಾಸ್ತಿ. ಕೈಗೆ ಜಾರುವುದೆಲ್ಲ ಸಪೋನಿನ್ ಅಲ್ಲ. ಲೋಳೆ ಕೂದಲನ್ನು ನುಣುಪಾಗಿಸುತ್ತದೆ, ಜಿಡ್ಡು ತೆಗೆಯಲು ಅದೊಂದೇ ಸಾಲದು.

ರಸಕ್ಕೆ ಕೆಡದಂತೆ ಕಾಯುವ ವಸ್ತು ಏನೂ ಹಾಕಿಲ್ಲ, ಆದ್ದರಿಂದ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಹುಳಿ ವಾಸನೆ ಬಂದರೆ, ಲೋಳೆ ಕಟ್ಟಿದರೆ ಚೆಲ್ಲಿ. ಮೊದಲ ಸಲ ಬಳಸುವಾಗ, ಚರ್ಮಕ್ಕೆ ಒಗ್ಗುತ್ತದಾ ಅಂತ ನೋಡಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ, ಕೂಡಲೇ ಧಾರಾಳ ನೀರಲ್ಲಿ ತೊಳೆಯಿರಿ. ಕುಡಿಯಬಾರದು. ಉಳಿದ ರಸವನ್ನು ಕೆರೆಗೋ ಮೀನಿನ ತೊಟ್ಟಿಗೋ ಸುರಿಯಲೇಬೇಡಿ. ಸಪೋನಿನ್ ಕಿವಿರುಗಳಿಗೆ ಹಾನಿ ಮಾಡಿ ಮೀನುಗಳನ್ನು ಕೊಲ್ಲುತ್ತದೆ.