104 ಪರ್ಸೆಂಟ್ ಯೀಲ್ಡ್ ಬಂದ ದಿನ

ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಎರಡು ತಿಂಗಳದ್ದು. ನನಗೆ ಬೆಂಗಳೂರಿನಲ್ಲೇ ಒಂದು ಸಾವಯವ ರಸಾಯನಶಾಸ್ತ್ರದ ಲ್ಯಾಬ್ ಸಿಕ್ಕಿತು. ವಿಜಯನಗರದ ಚಿಕ್ಕಮ್ಮನ ಮನೆಯಿಂದ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಒಂಬತ್ತಕ್ಕೆ ಅಲ್ಲಿರುತ್ತಿದ್ದೆ.

ಮೊದಲ ವಾರ ಗಾಜಿನ ಸಾಮಾನು ತೊಳೆಯುವುದು, ಒಣಗಿಸುವುದು, ಟಿಎಲ್‌ಸಿ (ಮಿಶ್ರಣದಲ್ಲಿರುವುದನ್ನು ಪುಟ್ಟ ಪ್ಲೇಟಿನ ಮೇಲೆ ಚುಕ್ಕೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಹಾಕಿ ನೋಡುವುದು. ಆಮೇಲೆ ಗೈಡ್ ಮೇಡಂ ಒಂದು ಪರಿಚಿತ ಕ್ರಿಯೆಯನ್ನೇ ಮಾಡಲು ಹೇಳಿದರು: ಸುಜುಕಿ ಕಪ್ಲಿಂಗ್. ಪಲ್ಲೇಡಿಯಂ ಕ್ಯಾಟಲಿಸ್ಟ್ ಇಟ್ಟುಕೊಂಡು ಎರಡು ಬೆಂಜೀನ್ ಉಂಗುರಗಳನ್ನು ಬೆಸೆಯುವ ಕೆಲಸ. 2010ರಲ್ಲಿ ಹೆಕ್, ನೆಗಿಶಿ, ಸುಜುಕಿ ಮೂವರಿಗೂ ನೊಬೆಲ್ ಬಂದಿದ್ದು ಈ ಬಗೆಯ ಪಲ್ಲೇಡಿಯಂ ಕ್ರಿಯೆಗಳಿಗೇ. ನಾನು ತೆಗೆದುಕೊಂಡಿದ್ದು 4-ಬ್ರೋಮೋಅನಿಸೋಲ್ ಮತ್ತು ಫೀನೈಲ್‌ಬೋರಾನಿಕ್ ಆಮ್ಲ.

ಮೊದಲ ಸಲ ಆಗಲಿಲ್ಲ. ಸಂಜೆ ಹೊತ್ತಿಗೆ ಫ್ಲಾಸ್ಕ್‌ನಲ್ಲಿ ಕಪ್ಪು ಪುಡಿ ಕೂತಿತ್ತು. ಪ್ಲೇಟನ್ನು ಯುವಿ ದೀಪದ ಕೆಳಗೆ ಹಿಡಿದರೆ ಹಾಕಿದ ಬ್ರೋಮೋಅನಿಸೋಲ್ ಹಾಗೇ ಇದೆ, ಮೇಲೆ ಇನ್ನೊಂದು ಚುಕ್ಕೆ. ಪಕ್ಕದ ಬೆಂಚಿನ ಪಿಎಚ್‌ಡಿ ಅಕ್ಕ ನೋಡಿ ಕೇಳಿದರು, "ನೈಟ್ರೋಜನ್ ಎಷ್ಟು ಹೊತ್ತು ಬಿಟ್ಟೆ?"

"ಐದು ನಿಮಿಷ ಅಕ್ಕ."

"ಸಾಲಲ್ಲ ಕಣೇ. ಆ ಮೇಲಿನ ಚುಕ್ಕೆ ಬೈಫೀನೈಲ್ ಇರಬೇಕು."

ಬೈಫೀನೈಲ್ ದ್ರಾವಣವನ್ನು ಪಕ್ಕದಲ್ಲಿಟ್ಟು ನೋಡಿದೆವು, ಅದೇ. ನೈಟ್ರೋಜನ್ ಸಾಲದೆ ಆಮ್ಲಜನಕ ಒಳಗುಳಿದರೆ ಬೋರಾನಿಕ್ ಆಮ್ಲ ತನ್ನ ಜೊತೆಗೇ ಸೇರಿಕೊಂಡು ಬೈಫೀನೈಲ್ ಆಗುತ್ತದೆ, ಕ್ಯಾಟಲಿಸ್ಟೂ ಕೆಟ್ಟು ಕಪ್ಪು ಲೋಹವಾಗಿ ತಳಕ್ಕಿಳಿಯುತ್ತದೆ. ಇದನ್ನು ಓದಿದ್ದೆ. ಆದರೆ ಪುಸ್ತಕದ ಒಂದು ಸಾಲು ನನ್ನ ಫ್ಲಾಸ್ಕ್‌ನಲ್ಲಿ ಕಪ್ಪಾಗಿ ಕೂತಿದ್ದನ್ನು ಕಂಡಾಗ ಮೈ ಜುಮ್ಮೆಂದಿತು. ಆ ರಾತ್ರಿ ಮನೆಗೆ ಖುಷಿಯಲ್ಲೇ ಹೋದೆ.

ಎರಡನೇ ಸಲ ದ್ರಾವಕಕ್ಕೆ ಪೂರ್ತಿ ಅರ್ಧ ಗಂಟೆ ನೈಟ್ರೋಜನ್ ಹಾಯಿಸಿದೆ. ಕ್ರಿಯೆ ಮುಗಿಯಿತು, ಬಂದದ್ದನ್ನು ಬೇರ್ಪಡಿಸಲು ಸಿಲಿಕಾ ಕಾಲಂ ಹಾಕಿದೆ, ಬೇಕಾದ ಫ್ರ್ಯಾಕ್ಷನ್‌ಗಳನ್ನು ಸೇರಿಸಿ ದ್ರಾವಕವನ್ನು ರೋಟಾವ್ಯಾಪ್‌ನಲ್ಲಿ ಇಂಗಿಸಿದೆ. ತೂಕ 191 ಮಿಲಿಗ್ರಾಂ. ಒಂದು ಮಿಲಿಮೋಲ್ ಅಳತೆಗೆ ಹೆಚ್ಚೆಂದರೆ 184 ಬರಬೇಕು. ಯೀಲ್ಡ್, ಅಂದರೆ ಬರಬೇಕಾದ್ದಕ್ಕೆ ಬಂದದ್ದರ ಪಾಲು, ಲೆಕ್ಕ ಹಾಕಿದರೆ 104 ಪರ್ಸೆಂಟ್!

ಕಾಲೇಜಿನಲ್ಲಾಗಿದ್ದರೆ ಆ ಅಂಕಿಯನ್ನು 94 ಎಂದು ಬರೆದುಬಿಡುತ್ತಿದ್ದೆನೇನೋ. ಟೈಟ್ರೇಷನ್ ರೀಡಿಂಗನ್ನು ಪಕ್ಕದವರದ್ದು ನೋಡಿ ಸರಿಮಾಡಿಕೊಂಡು ಅಭ್ಯಾಸವಾಗಿತ್ತು ನಮಗೆ. ಇಲ್ಲಿ ಪಕ್ಕದವರ ಬಳಿ ನನ್ನ ಉತ್ತರವಿರಲಿಲ್ಲ. ಬಂದದ್ದನ್ನೇ ನೋಟ್‌ಬುಕ್‌ನಲ್ಲಿ ಬರೆದು ಮೇಡಂಗೆ ತೋರಿಸಿದೆ. ಅವರು "ಎನ್‌ಎಂಆರ್ ಕೊಡು, ಅದೇ ಹೇಳುತ್ತೆ" ಎಂದರು, ಅಷ್ಟೇ. ಅಣುವಿನ ಹೈಡ್ರೋಜನ್‌ಗಳನ್ನು ಪೀಕ್‌ಗಳಾಗಿ ತೋರಿಸುವ ಪರೀಕ್ಷೆ ಅದು.

ಹೇಳಿತು. 3.85 ಪಿಪಿಎಂ ಹತ್ತಿರ ನನ್ನ ಪದಾರ್ಥದ ಮೆಥಾಕ್ಸಿ ಗುಂಪಿನ ಮೂರು ಹೈಡ್ರೋಜನ್‌ಗಳ ಪೀಕ್ ನೆಟ್ಟಗೆ ನಿಂತಿತ್ತು. ಅದರ ಜೊತೆಗೆ ನನ್ನದಲ್ಲದ ಮೂರು: 4.12, 2.05, 1.26. ಅಕ್ಕ ಅದನ್ನು ಗುರುತಿಸಲು ನನ್ನನ್ನೇ ಬಿಟ್ಟರು. ದ್ರಾವಕಗಳ ಪೀಕ್ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋಗಿ ನಿಂತಿದ್ದು ಈಥೈಲ್ ಅಸಿಟೇಟ್ ಮೇಲೆ. ಫ್ಲಾಸ್ಕ್‌ನಿಂದ ಪುಟ್ಟ ವಯಲ್‌ಗೆ ಸುರಿಯುವಾಗ ಅದರಲ್ಲೇ ತೊಳೆದಿದ್ದೆ, ಮತ್ತೆ ಸರಿಯಾಗಿ ಒಣಗಿಸಿರಲಿಲ್ಲ. ರಾತ್ರಿಯಿಡೀ ಹೈ ವ್ಯಾಕ್ಯೂಮ್‌ಗೆ ಹಾಕಿ ಬೆಳಗ್ಗೆ ತೂಗಿದೆ: 158 ಮಿಲಿಗ್ರಾಂ, 86 ಪರ್ಸೆಂಟ್. ಬಿಳಿ ಪುಡಿ. ನೋಟ್‌ಬುಕ್‌ನಲ್ಲಿ 104ನ್ನು ಅಳಿಸಲಿಲ್ಲ, ಕೆಳಗೆ ಕಾರಣ ಬರೆದೆ.

ನಂತರ ಲ್ಯಾಬಿನ ನಿಜವಾದ ಪ್ರಾಜೆಕ್ಟಿಗೆ ಬೇಕಾದ, ಪಕ್ಕದಲ್ಲೇ ಮೀಥೈಲ್ ಗುಂಪಿರುವ ಬ್ರೋಮೈಡ್‌ಗಳನ್ನು ಕೊಟ್ಟರು. ಜಾಗ ಇಕ್ಕಟ್ಟಾದ್ದರಿಂದ ಅವು ಮೊಂಡು. ನಾಲ್ಕರಲ್ಲಿ ಎರಡು ಆದವು, ಒಂದು ಅರ್ಧಂಬರ್ಧ, ಇನ್ನೊಂದು ಆಗಲೇ ಇಲ್ಲ. ಅದಕ್ಕೆ ಬೇರೆ ಲೈಗಂಡ್ (ಪಲ್ಲೇಡಿಯಂಗೆ ಅಂಟಿಕೊಂಡು ಅದರ ವರ್ತನೆ ಬದಲಿಸುವ ಅಣು) ಹಾಕಿ ನೋಡಬೇಕೆಂದಿದ್ದೆ, ಅಷ್ಟರಲ್ಲಿ ಎರಡು ತಿಂಗಳು ಮುಗಿಯಿತು.

ನೋಟ್‌ಬುಕ್ ಲ್ಯಾಬಿನದ್ದು, ಮನೆಗೆ ತರುವಂತಿಲ್ಲ. ಕೊನೆಯ ದಿನ ಆ ನಾಲ್ಕನೆಯದರ ಪುಟದಲ್ಲಿ ಹಾಕಿದ ಅಳತೆ, ಉಷ್ಣತೆ, ಪೆನ್ಸಿಲಿನಲ್ಲಿ ಬಿಡಿಸಿದ ಟಿಎಲ್‌ಸಿ ಎಲ್ಲವನ್ನೂ ಮತ್ತೊಮ್ಮೆ ತಾಳೆ ನೋಡಿ ಅಕ್ಕನ ಕೈಗೆ ಕೊಟ್ಟೆ. ಆಗಸ್ಟಿನಲ್ಲಿ ಅವರ ಮೆಸೇಜ್ ಬಂತು: ಲೈಗಂಡ್ ಬದಲಿಸಿದ್ದಾರೆ, ಹೊಸ ಚುಕ್ಕೆ ಕಾಣಿಸುತ್ತಿದೆ.