ಮೊದಲು ಊಹೆ ಬರೆಯಲಿ, ಆಮೇಲೆ ಸ್ಕ್ರೀನ್ ನೋಡಲಿ

ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಎರಡನ್ನೂ ಕಲಿಸುತ್ತೇನೆ. ಆನ್‌ಲೈನ್‌ನಲ್ಲಿ ಸಿಗುವುದನ್ನೆಲ್ಲ ತರಗತಿಗೆ ತರುವುದಿಲ್ಲ. ಜಾಸ್ತಿ ಬಳಸುವುದು ಎರಡೇ: ಭೌತಶಾಸ್ತ್ರಕ್ಕೆ ಫೆಟ್ ಎಂಬ ಸಿಮ್ಯುಲೇಶನ್ (ತೆರೆಯ ಮೇಲೆ ಮಾಡುವ ಪ್ರಯೋಗ) ತಾಣ, ಗಣಿತಕ್ಕೆ ನಕ್ಷೆ ಎಳೆದು ತೋರಿಸುವ ಜಿಯೋಜಿಬ್ರಾ. ಎರಡಕ್ಕೂ ಶಾಲೆ ದುಡ್ಡು ಕೊಡಬೇಕಿಲ್ಲ. ಎರಡರಲ್ಲೂ ಮಕ್ಕಳ ಕೈಗೆ ಕೆಲಸ ಇದೆ.

ಫೆಟ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ನಡೆಯುತ್ತವೆ. ಬೇಕಾದಾಗಲೇ ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಇದೇ ದೊಡ್ಡ ಅನುಕೂಲ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ನಾನು ಮಾಡುವುದು ಹೀಗೆ. ತೆರೆಯ ಮೇಲೆ 9 ವೋಲ್ಟ್ ಬ್ಯಾಟರಿ, 10 ಓಮ್ ಬಲ್ಬ್. ಬಲ್ಬಿನ ಈಚೆ ಕರೆಂಟ್ ಅಳೆಯುವ ಒಂದು ಅಮ್ಮೀಟರ್, ಆಚೆ ಒಂದು. ಸ್ವಿಚ್ ಹಾಕುವ ಮೊದಲು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಯಾವ ಮೀಟರ್ ಜಾಸ್ತಿ ತೋರಿಸುತ್ತದೆ? ಬಲ್ಬ್ ದಾಟಿದ ಮೇಲೆ ಕಡಿಮೆ ಆಗುತ್ತದೆ ಅಂತಲೇ ಹೆಚ್ಚಿನವರು ಬರೆಯುತ್ತಾರೆ. ಬಲ್ಬ್ ಕರೆಂಟ್ ತಿಂದಿತಲ್ವಾ ಸರ್, ಅನ್ನುತ್ತಾರೆ. ಸ್ವಿಚ್ ಹಾಕಿದರೆ ಎರಡೂ ಕಡೆ 0.90 ಆಂಪಿಯರ್. ಆಗ ಶುರುವಾಗುವ ಗದ್ದಲ ನನಗೆ ತುಂಬಾ ಇಷ್ಟ. ಬಲ್ಬಿನಲ್ಲಿ ಬೆಳಕು, ಶಾಖವಾಗಿ ಹೋಗುವುದು ಶಕ್ತಿ. ವಿದ್ಯುದಾವೇಶ (ಚಾರ್ಜ್) ಅಷ್ಟೇ ಇರುತ್ತದೆ ಎಂಬ ಮಾತು ಆ ಹೊತ್ತಿನಲ್ಲಿ ಹೇಳಿದರೆ ನಾಟುತ್ತದೆ. ಕೈಯಲ್ಲಿ ತಮ್ಮದೇ ಊಹೆ ಇರುತ್ತದಲ್ಲ, ಅದಕ್ಕೆ.

ಅಲ್ಲಿಗೇ ನಿಲ್ಲಿಸಬಾರದು. ಸಿಮ್ಯುಲೇಶನ್‌ನಲ್ಲಿ ಅಂಥದ್ದೇ ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಪ್ರವಾಹ ಸರಿಯಾಗಿ ಅರ್ಧ, 0.45. ಅದೇ ಪ್ರಯೋಗವನ್ನು ನಿಜವಾದ ಟಾರ್ಚ್ ಬಲ್ಬ್, ಶುಷ್ಕಕೋಶ, ಮಲ್ಟಿಮೀಟರ್ ಇಟ್ಟು ಮಾಡಿಸುತ್ತೇನೆ. ಅರ್ಧ ಬರುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ಯಾಕೆ? ಎರಡು ಬಲ್ಬ್ ಇದ್ದಾಗ ಬಲ್ಬಿನೊಳಗಿನ ತಂತು ಅಷ್ಟು ಕಾಯುವುದಿಲ್ಲ, ಹಾಗಾಗಿ ಅದರ ರೋಧವೂ ಕಡಿಮೆ. ತೆರೆಯ ಮೇಲಿನ ಬಲ್ಬಿನ ರೋಧ ಮಾತ್ರ 10 ಓಮ್‌ನಲ್ಲೇ ನಿಂತಿರುತ್ತದೆ. ಓಮ್‌ನ ನಿಯಮಕ್ಕೆ ತಾಪ ಬದಲಾಗಬಾರದು ಎಂಬ ಷರತ್ತು ಯಾಕಿದೆ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. ಹಾಗಾಗಿ ಸಿಮ್ಯುಲೇಶನ್ ಇದೆಯೆಂದು ಲ್ಯಾಬ್ ಬೀಗ ಹಾಕಿಡುವುದನ್ನು ನಾನು ಒಪ್ಪುವುದಿಲ್ಲ.

ಜಿಯೋಜಿಬ್ರಾದಲ್ಲೂ ಇದೇ ಪದ್ಧತಿ. ಎಕ್ಸ್ ಸ್ಕ್ವೇರ್ ಮೈನಸ್ 5 ಎಕ್ಸ್ ಪ್ಲಸ್ ಸಿ ಎಂದು ಟೈಪ್ ಮಾಡಿ, ಸಿ ಬೆಲೆಗೆ ಒಂದು ಸ್ಲೈಡರ್ ಇಡುತ್ತೇನೆ. ಸಿ 6 ಇದ್ದಾಗ ವಕ್ರರೇಖೆ ಎಕ್ಸ್ ಅಕ್ಷವನ್ನು 2 ಮತ್ತು 3ರಲ್ಲಿ ಕತ್ತರಿಸುತ್ತದೆ. ಇನ್ನು ಎಷ್ಟಕ್ಕೆ ಏರಿಸಿದರೆ ಬರೀ ತಾಗಿ ನಿಲ್ಲುತ್ತದೆ? ಲೆಕ್ಕ ಹಾಕಿ 6.25 ಎಂದವರು ಬಂದು ಸ್ಲೈಡರ್ ಎಳೆಯುತ್ತಾರೆ. 7ಕ್ಕೆ ಹೋದರೆ ಅಕ್ಷ ಬಿಟ್ಟು ಮೇಲೆದ್ದಿರುತ್ತದೆ. ಶೋಧಕ (ಬಿ ಸ್ಕ್ವೇರ್ ಮೈನಸ್ 4 ಎಸಿ) ಸೊನ್ನೆ, ಋಣ ಅನ್ನುವುದನ್ನು ಬಾಯಿಪಾಠ ಮಾಡಿಸುವ ಗೋಜೇ ಇಲ್ಲ.

ವಿಡಿಯೊ ಮನೆಗೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸಿಗುತ್ತದೆ. ಖಾನ್ ಅಕಾಡೆಮಿಯಲ್ಲಿ ಕನ್ನಡದ ಪಾಠಗಳೂ ಇವೆ. ಎಷ್ಟೋ ಮನೆಗಳಲ್ಲಿ ಅಪ್ಪನ ಫೋನ್ ರಾತ್ರಿಯೇ ಕೈಗೆ ಬರುವುದು. ಅದಕ್ಕೆ ಚಿಕ್ಕದೊಂದನ್ನು ಮಾತ್ರ ಹೇಳಿ ಕಳಿಸುತ್ತೇನೆ. ಲೆಕ್ಕ ತೆರೆಯ ಮೇಲೆ ಬಂದ ಕೂಡಲೇ ನಿಲ್ಲಿಸಿ, ತಾವೇ ಬಿಡಿಸಿ, ಆಮೇಲೆ ಮುಂದುವರಿಸಬೇಕು.

ಶುರು ಮಾಡುವವರಿಗೆ ಬೆಳಕಿನ ಪಾಠ ಸುಲಭ. ಫೆಟ್‌ನ ಜಿಯೊಮೆಟ್ರಿಕ್ ಆಪ್ಟಿಕ್ಸ್ ತೆರೆದು ಪೀನ ಮಸೂರದ ಮುಂದೆ ಪೆನ್ಸಿಲ್ ಇಡಿ. ಅದು ಸಂಗಮಬಿಂದು (ಫೋಕಸ್) ದಾಟಿ ಮಸೂರದ ಹತ್ತಿರ ಬಂದರೆ ಪ್ರತಿಬಿಂಬ ಯಾವ ಕಡೆ ಕಾಣಿಸುತ್ತದೆ, ನೆಟ್ಟಗೋ ತಲೆಕೆಳಗೋ ಎಂದು ಮೊದಲೇ ಬರೆಸಿ. ಆಮೇಲೆ ಪೆನ್ಸಿಲ್ ಸರಿಸಲು ಹಿಂದಿನ ಬೆಂಚಿನವರನ್ನು ಕರೆಯಿರಿ.