ಆಯಿಲ್ ರಿಪೋರ್ಟ್ ಓದಲು ಕಲಿತದ್ದು

ಓಡಿದ ಇಂಜಿನ್ನಿನ ಆಯಿಲನ್ನು ಲ್ಯಾಬ್‌ಗೆ ಕಳಿಸಿದರೆ ಅದರಲ್ಲಿ ಯಾವ ಲೋಹ, ಧೂಳು, ನೀರು ಎಷ್ಟು ಸೇರಿದೆ ಎಂದು ರಿಪೋರ್ಟ್ ಬರುತ್ತದೆ; ಒಳಗಿನ ಸವೆತವನ್ನು ಇಂಜಿನ್ ಬಿಚ್ಚದೆಯೇ ಊಹಿಸಬಹುದು. ನಾನು ಮೊದಲ ಆಯಿಲ್ ಸ್ಯಾಂಪಲ್ ಹಿಡಿದದ್ದು ಕುಡಿಯುವ ನೀರಿನ ಬಾಟಲಿಯಲ್ಲಿ. ತೊಳೆದು ಒಣಗಿಸಿದ್ದೇನೆ ಎಂದುಕೊಂಡಿದ್ದೆ. ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಜನರೇಟರ್ ಇಂಜಿನ್ನಿನ ಡ್ರೈನ್ ಪ್ಲಗ್ ಬಿಚ್ಚಿ, ಮೊದಲು ಸುರಿದ ಗಸಿಯನ್ನೇ ತುಂಬಿ ಲ್ಯಾಬ್‌ಗೆ ಕಳಿಸಿದೆ. ರಿಪೋರ್ಟ್ ಬಂತು: ನೀರು, ಕಬ್ಬಿಣ, ಸಿಲಿಕಾನ್ ಎಲ್ಲವೂ ಕೆಂಪು ಗೆರೆಯ ಮೇಲೆ. ಇಂಜಿನ್ ಬಿಚ್ಚಲು ತಯಾರಾಗಿದ್ದೆ. ನಮ್ಮ ಹಿರಿಯ ಫಿಟ್ಟರ್ ತಡೆದರು. "ಮೊದ್ಲು ಇನ್ನೊಂದು ಸ್ಯಾಂಪಲ್ ತೆಗಿ. ಆಮೇಲೆ ಸ್ಪ್ಯಾನರ್ ಮುಟ್ಟು." ಎರಡನೆಯ ಸ್ಯಾಂಪಲ್‌ನಲ್ಲಿ ಏನೂ ಇರಲಿಲ್ಲ.

ಈಗ ಇಂಜಿನ್ ಲೋಡ್ ಮೇಲೆ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಕೆಲವೇ ನಿಮಿಷಗಳಲ್ಲಿ ಸ್ಯಾಂಪಲ್ ತೆಗೆಯುತ್ತೇನೆ. ತಡವಾದರೆ ಲೋಹದ ಕಣಗಳು ತಳ ಸೇರುತ್ತವೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕೊಳವೆಯೊಳಗೆ ಹೊಸ ಪ್ಲಾಸ್ಟಿಕ್ ಟ್ಯೂಬ್ ಇಳಿಸಿ ಕೈಪಂಪ್‌ನಿಂದ ಎಳೆಯುವುದು. ಟ್ಯೂಬನ್ನು ಡಿಪ್‌ಸ್ಟಿಕ್‌ಗೆ ಹೊಂದಿಸಿ ಅಳೆದು ಕತ್ತರಿಸಿದರೆ ಸಂಪಿನ (ಇಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ) ತಳಕ್ಕೆ ತಾಗುವುದಿಲ್ಲ. ಲೇಬಲ್ ಮೇಲೆ ಇಂಜಿನ್ ಎಷ್ಟು ಗಂಟೆ ಓಡಿದೆ, ಆಯಿಲ್ ಎಷ್ಟು ಗಂಟೆ ಓಡಿದೆ, ನಡುವೆ ಎಷ್ಟು ಟಾಪ್ ಅಪ್ ಆಗಿದೆ ಎಂದು ಬರೆಯಲೇಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಯಾರೋ ಐದು ಲೀಟರ್ ಹೊಸ ಆಯಿಲ್ ಸುರಿದಿದ್ದರೆ ಕಬ್ಬಿಣದ ಅಂಕಿ ಕಾಗದದ ಮೇಲೆ ಇಳಿಯುತ್ತದೆ, ಇಂಜಿನ್ ಮಾತ್ರ ಸವೆಯುತ್ತಲೇ ಇರುತ್ತದೆ.

ಈ ವಿದ್ಯೆ ಹೊಸದಲ್ಲ. ಅಮೆರಿಕದ ರೈಲ್ವೆಗಳು 1940ರ ದಶಕದಲ್ಲೇ ಡೀಸೆಲ್ ಲೋಕೊಮೋಟಿವ್‌ಗಳ ಆಯಿಲನ್ನು ಹೀಗೆ ಪರೀಕ್ಷಿಸುತ್ತಿದ್ದವು. ನನಗೆ ಇದರ ಮೇಲೆ ನಂಬಿಕೆ ಬಂದದ್ದು ಮಾತ್ರ ಒಂದು ಹೋಸ್ ಪೈಪಿನಿಂದ.

ಆ ಇಂಜಿನ್ನಿಗೆ 250 ಗಂಟೆಗೊಮ್ಮೆ ಸ್ಯಾಂಪಲ್ ಹೋಗುತ್ತಿತ್ತು. ಸಿಲಿಕಾನ್ ಎರಡು ಸಲ 6, 7 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇದ್ದದ್ದು ಮೂರನೆಯ ಸಲ 24ಕ್ಕೆ ಹಾರಿತು. ಲ್ಯಾಬ್ ಅದನ್ನು ಇನ್ನೂ 'ನಾರ್ಮಲ್' ಎಂದೇ ಬರೆದಿತ್ತು. ಸಿಲಿಕಾನ್ ಒಂದೇ ಏರಿದ್ದರೆ ನಾನೂ ಬಿಡುತ್ತಿದ್ದೆ. ಗ್ಯಾಸ್ಕೆಟ್‌ಗೆ ಹಚ್ಚುವ ಸಿಲಿಕೋನ್ ಸೀಲಂಟ್‌ನಿಂದಲೂ ಅದು ಬರುತ್ತದೆ. ಆದರೆ ಜೊತೆಗೆ ಅಲ್ಯೂಮಿನಿಯಂ ಏರಿತ್ತು. ಮಣ್ಣಿನಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ. ಕಬ್ಬಿಣ ಇಮ್ಮಡಿಯಾಗಿತ್ತು, ಕ್ರೋಮಿಯಂ 1ರಿಂದ 4 ಆಗಿತ್ತು: ಸವೆಯುತ್ತಿದ್ದದ್ದು ಸಿಲಿಂಡರಿನ ಒಳಗೋಡೆಯಾದ ಲೈನರ್ ಮತ್ತು ಪಿಸ್ಟನ್ನಿನ ಕ್ರೋಮ್ ಲೇಪದ ರಿಂಗ್. ಧೂಳು ಒಳಗೆ ಹೋಗಿ ಅರೆಯುತ್ತಿದೆ ಎಂದಾಯಿತು.

ಹೊಗೆ ಸರಿ, ಆಯಿಲ್ ಪ್ರೆಶರ್ ಸರಿ, ಸದ್ದೂ ಸರಿ. ಏರ್ ಫಿಲ್ಟರ್ ತೆಗೆದು ನೋಡಿದರೆ ಹೊಚ್ಚ ಹೊಸದು. ಫಿಲ್ಟರ್‌ನಿಂದ ಟರ್ಬೊಗೆ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಬಟ್ಟೆಗೆ ಟಾಲ್ಕಂ ಪೌಡರ್‌ನಷ್ಟು ನಯವಾದ ಕಂದು ಧೂಳು ಹತ್ತಿತು. ಹೋಸನ್ನು ಬಗ್ಗಿಸಿದಾಗ ಕೆಳಭಾಗದಲ್ಲಿ, ಕ್ಲಾಂಪಿನ ಅಂಚಿಗೆ ಅಂಟಿಕೊಂಡು, ಉಗುರಿನಗಲದ ಬಿರುಕು ಬಾಯಿಬಿಟ್ಟಿತು. ಮೇಲಿನಿಂದ ಎಷ್ಟು ಸಲ ನೋಡಿದ್ದರೂ ಕಾಣುವ ಜಾಗವಲ್ಲ. ಹೋಸ್ ಬದಲಾಯಿಸಿ ಆಯಿಲ್ ಬದಲಾಯಿಸಿದೆವು. ಹಳೆಯ ಆಯಿಲ್ ಒಂದಿಷ್ಟು ಒಳಗೇ ಉಳಿಯುವುದರಿಂದ ಅಂಕಿಗಳು ಪೂರ್ತಿ ಇಳಿಯಲು ಇನ್ನೂ ಒಂದು ಆಯಿಲ್ ಚೇಂಜ್ ಬೇಕಾಯಿತು.

ಇಷ್ಟಾದ ಮೇಲೆ ರಿಪೋರ್ಟೇ ಸರ್ವಸ್ವ ಎಂದುಕೊಂಡು ಇನ್ನೊಂದು ಇಂಜಿನ್ ಕಳೆದುಕೊಳ್ಳುವುದರಲ್ಲಿದ್ದೆ. ಅದರಲ್ಲಿ ಸೀಸ ಸ್ವಲ್ಪವೇ ಏರಿತ್ತು, ಉಳಿದದ್ದೆಲ್ಲ ಮೊದಲಿನಂತೆಯೇ. ಲ್ಯಾಬಿನಲ್ಲಿ ಲೋಹ ಅಳೆಯುವ ಸ್ಪೆಕ್ಟ್ರೋಮೀಟರ್‌ಗೆ ಕಾಣುವುದು ಸುಮಾರು 5ರಿಂದ 10 ಮೈಕ್ರಾನ್‌ವರೆಗಿನ ಕಣ. ಅದಕ್ಕಿಂತ ದೊಡ್ಡ ಚೂರುಗಳನ್ನು ಅದು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ಸಿಗುವುದು ಆಯಿಲ್ ಫಿಲ್ಟರ್‌ನಲ್ಲಿ. ಅದನ್ನು ಫಿಲ್ಟರ್ ಕಟರ್‌ನಿಂದಲೇ ಕತ್ತರಿಸಬೇಕು. ಹ್ಯಾಕ್ಸಾ ಹಿಡಿದರೆ ಗರಗಸದ ಪುಡಿಯನ್ನೇ ಬೇರಿಂಗ್ ಎಂದುಕೊಳ್ಳುತ್ತೀರಿ. ಮಡಿಕೆ ಕಾಗದವನ್ನು ವೈಸ್‌ನಲ್ಲಿ ಹಿಂಡಿ ಬಿಸಿಲಿಗೆ ಹರಡಿದಾಗ ಚಪ್ಪಟೆ ಹಕ್ಕಳೆಗಳು ಮಿನುಗಿದವು. ಅಯಸ್ಕಾಂತ ಸೆಳೆಯಲಿಲ್ಲ. ಅಂದರೆ ಉಕ್ಕಲ್ಲ. ಸಂಪ್ ಇಳಿಸಿದಾಗ ಒಂದು ಬಿಗ್ ಎಂಡ್ ಬೇರಿಂಗಿನ (ಪಿಸ್ಟನ್ನಿನ ರಾಡ್ ಕ್ರ್ಯಾಂಕ್‌ಶಾಫ್ಟ್‌ಗೆ ಸೇರುವಲ್ಲಿನ ಬೇರಿಂಗ್) ಸೀಸದ ಬೂದು ಪದರ ಎದ್ದುಹೋಗಿ ಕೆಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕ್‌ಶಾಫ್ಟ್‌ಗೆ ಇನ್ನೂ ಗೀರು ಬಿದ್ದಿರಲಿಲ್ಲ. ಬೇರಿಂಗ್ ಸೆಟ್ ಹಾಕಿ ಮುಗಿಸಿದೆವು.

ಅಂದಿನಿಂದ ಪ್ರತಿ ಸ್ಯಾಂಪಲ್ ಜೊತೆ ಫಿಲ್ಟರ್ ಕತ್ತರಿಸುತ್ತೇನೆ. ಬಿಸಿ ತಟ್ಟೆಯ ಮೇಲೆ ಒಂದು ಹನಿ ಹಾಕಿ ಚಟಪಟ ಎಂದರೆ ನೀರು ಸೇರಿದೆ ಎಂಬ ಪರೀಕ್ಷೆಯೂ ಉಂಟು, ಕನ್ನಡಕ ಹಾಕಿಕೊಂಡು ಮಾಡಿ.

ಸದ್ಯ ಒಂದು ಇಂಜಿನ್ನಿನಲ್ಲಿ ಸೋಡಿಯಂ ಏರುತ್ತಿದೆ, ಪೊಟ್ಯಾಸಿಯಂ ಇನ್ನೂ ಏರಿಲ್ಲ. ಇವು ಸಾಮಾನ್ಯವಾಗಿ ಇರುವ ಕೂಲಂಟ್ (ರೇಡಿಯೇಟರ್ ದ್ರವ) ಆಯಿಲಿಗೆ ಸೋರುತ್ತಿರಬಹುದು, ಅಥವಾ ಹೊಸ ಬ್ಯಾರೆಲ್‌ನ ಆಯಿಲಿನಲ್ಲೇ ಸೋಡಿಯಂ ಇರಬಹುದು. ಬ್ಯಾರೆಲ್‌ನಿಂದಲೂ ಒಂದು ಬಾಟಲಿ ಲ್ಯಾಬ್‌ಗೆ ಕಳಿಸಿದ್ದೇನೆ. ಅದು ಬರುವವರೆಗೆ ರೇಡಿಯೇಟರ್ ಮಟ್ಟವನ್ನು ದಿನಾ ಬೆಳಗ್ಗೆ ಗುರುತು ಹಾಕುತ್ತಿದ್ದೇನೆ.